ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಯಾರು?

ಆಸ್ಪತ್ರೆಯ ಬಾಗಿಲಿಗೆ ಏಕಕಾಲದಲ್ಲಿ ಹತ್ತು ಮಂದಿ ರೋಗಿಗಳು ಬಂದರೆ ವೈದ್ಯನು ಮೊದಲು ಯಾರ ನಾಡಿಯನ್ನು ಹಿಡಿಯಬೇಕು? ಮುಂಚೆ ಬಂದವನದನ್ನೋ, ಹೆಚ್ಚಾಗಿ ನರಳುವವನದನ್ನೋ, ದೊಡ್ಡ ಮನುಷ್ಯನದನ್ನೋ? ಈ ಪ್ರಶ್ನೆಗೆ ಇಂದು ನಾವು ಕೊಡುವ ಉತ್ತರವು ರೂಪುಗೊಂಡದ್ದು ರಣರಂಗದಲ್ಲಿ.

ಹಿಂದೆ ಯೂರೋಪಿನ ಯುದ್ಧಗಳಲ್ಲಿ ಗಾಯಾಳುಗಳು ಕಾಳಗ ಮುಗಿಯುವವರೆಗೂ ಬಿದ್ದಲ್ಲಿಯೇ ಬಿದ್ದಿರುತ್ತಿದ್ದುದುಂಟು. ಫ್ರಾನ್ಸಿನ ಶಸ್ತ್ರವೈದ್ಯ ದೊಮಿನಿಕ್ ಲಾರೆ ಎಂಬಾತನು ೧೭೯೨ರಲ್ಲಿ ಇದನ್ನು ಕಂಡು ಮರುಗಿ, ಹಗುರವಾದ ಕುದುರೆಗಾಡಿಗಳ 'ಹಾರುವ ಆಂಬುಲೆನ್ಸ್' ಏರ್ಪಾಟನ್ನು ಯೋಚಿಸಿದನು. ಮುಂದೆ ನೆಪೋಲಿಯನ್ನನ ಸೇನೆಯಲ್ಲಿ ಅವನು ಹಿಡಿದ ನಿಯಮವಿದು: ಹೆಚ್ಚು ಅಪಾಯದಲ್ಲಿರುವವನಿಗೆ ಮೊದಲು ಚಿಕಿತ್ಸೆ, ಪದವಿಯು ಲೆಕ್ಕಕ್ಕಿಲ್ಲ. ಚಕ್ರವರ್ತಿಯ ಸೈನ್ಯದಲ್ಲಿ ಬಡ ಸಿಪಾಯಿಯನ್ನು ಅಧಿಕಾರಿಗಿಂತ ಮುಂಚಿತವಾಗಿ ಮೇಜಿನ ಮೇಲೆ ಮಲಗಿಸಲು ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಕ್ರೈಮಿಯಾ ಯುದ್ಧಕಾಲದಲ್ಲಿ, ೧೮೫೪-೫೫ರಲ್ಲಿ, ರಷ್ಯದ ಪಿರೊಗಾಫನು ಸೆವಾಸ್ಟೊಪೋಲಿನಲ್ಲಿ ಗಾಯಾಳುಗಳನ್ನು ಬಂದೊಡನೆಯೇ ವರ್ಗವರ್ಗವಾಗಿ ವಿಂಗಡಿಸಿದನು. ಈ ಕ್ರಮಕ್ಕೆ ನಿಂತ ಹೆಸರು ಟ್ರಿಯಾಜ್. ಅದು ಫ್ರೆಂಚ್ ಮಾತು. ಉಣ್ಣೆಯನ್ನೂ ಕಾಫಿ ಬೀಜವನ್ನೂ ಆರಿಸುವುದಕ್ಕೆ ಅದೇ ಮಾತು ಸಲ್ಲುತ್ತಿತ್ತು!

ಗಾಯಾಳುವಿನ ರಕ್ತವು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದ ಉರಿಯೂತ, ರಕ್ತದ ನಂಜು ಮೊದಲಾದುವು ಹಾಗಲ್ಲ. ಹೊಟ್ಟೆಶೂಲೆಯಿಂದ ಕೂಗುವ ಯುವಕನ ಬಳಿಗೆ ಎಲ್ಲರೂ ಓಡುತ್ತಾರೆ. ಮೂಲೆಯ ಬೆಂಚಿನಲ್ಲಿ ತೂಕಡಿಸುವಂತೆ ಕಾಣುವ ಮುದುಕಿಗೆ ಪ್ರಜ್ಞೆ ಜಾರುತ್ತಿರುವುದನ್ನು ಯಾರೂ ಅರಿಯರು. ವ್ಯಾಧಿಗ್ರಸ್ತರ ವಿಷಯದಲ್ಲಿ ಕಣ್ಣೊಂದನ್ನೇ ನಂಬುವಂತಿಲ್ಲ.

ಆದಕಾರಣ ಅಳತೆಗಳು ಬಂದುವು. ೧೯೯೦ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಐದು ಬಣ್ಣಗಳ ಪದ್ಧತಿಯು ರೂಪುಗೊಂಡಿತು: ಕೆಂಪಿನವನಿಗೆ ತತ್‌ಕ್ಷಣ, ಕಿತ್ತಳೆಗೆ ೧೦ ನಿಮಿಷದೊಳಗೆ, ಹಳದಿಗೆ ಒಂದು ಗಂಟೆಯೊಳಗೆ, ಹಸುರು, ನೀಲಿಯವರು ಇನ್ನೂ ಕಾಯಬಹುದು. ಒಳಗೆ ಸೇರಿಸಿಕೊಂಡ ರೋಗಿಗಳಿಗಾಗಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯು ೨೦೧೨ರಲ್ಲಿ ಅಂಕಗಳ ಕ್ರಮವೊಂದನ್ನು ಪ್ರಕಟಿಸಿತು. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರ, ಮೈಬಿಸಿ ಎಂಬ ಆರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಆಮ್ಲಜನಕವನ್ನು ಕೊಡುತ್ತಿದ್ದರೆ ಮತ್ತೆರಡು. ನಿಮಿಷಕ್ಕೆ ೨೫ ಸಲ ಉಸಿರೆಳೆದರೆ ಅದೊಂದಕ್ಕೇ ಮೂರು. ಒಟ್ಟು ೭ ಮುಟ್ಟಿತೆಂದರೆ ತುರ್ತು ತಂಡವು ಬರತಕ್ಕದ್ದು. ೨೦೧೭ರ ಪರಿಷ್ಕರಣದಲ್ಲಿ, ಹೊಸದಾಗಿ ತೋರಿದ ಮನಸ್ಸಿನ ಗೊಂದಲಕ್ಕೂ ಮೂರು ಅಂಕಗಳು ದೊರೆತುವು. ಆ ಮುದುಕಿಯಂತಹವರ ಪಾಲಿಗೆ ಇದು ಸಣ್ಣ ತಿದ್ದುಪಡಿಯೆಂದು ನಮಗೆ ತೋರುವುದಿಲ್ಲ.

ಅಂಕವು ಕಡಮೆಯಿದ್ದರೂ, ಹಾಸಿಗೆಯ ಬಳಿಯ ದಾದಿಗೆ ಕಳವಳವಾದರೆ ಅವಳು ವೈದ್ಯನನ್ನು ಕರೆಯಬಹುದೆಂದು ಆ ಕ್ರಮವೇ ಒಪ್ಪಿದೆ.