ಮಾರಿಯ ಕಾಲದಲ್ಲಿ ಬಂಧುದರ್ಶನ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳ ಧ್ವಂಸವನ್ನು ಕುರಿತ ಒಂದು ಅಧ್ಯಾಯವುಂಟು. ಒಬ್ಬೊಬ್ಬನ ದೇಹಪ್ರಕೃತಿಯೂ ಬೇರೆಯಾಗಿರುವಾಗ ಒಂದೇ ರೋಗವು ಒಂದೇ ಕಾಲದಲ್ಲಿ ಇಡೀ ನಾಡನ್ನು ಹೇಗೆ ಹಾಳುಮಾಡುವುದೆಂದು ಅಗ್ನಿವೇಶನು ಕೇಳುವನು. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಧಾರಣವಾದುದರಿಂದ ಅವು ಕೆಟ್ಟರೆ ಎಲ್ಲರೂ ಕೆಡುವರೆಂದು ಆತ್ರೇಯನು ಉತ್ತರಕೊಡುವನು. ಆದರೆ ಅಂತಹ ಕಾಲದಲ್ಲಿ ಬೇರೆ ಕಡೆ ಇರುವ ವೃದ್ಧಬಂಧುಗಳನ್ನು ನೋಡಲು ಹೋಗುವುದು ಧರ್ಮವೋ, ಹೋಗದಿರುವುದು ಧರ್ಮವೋ ಎಂಬ ಪ್ರಶ್ನೆಯನ್ನು ಶಿಷ್ಯನು ಎತ್ತುವುದಿಲ್ಲ. ನಮ್ಮ ಸೀಮೆಯ ಜನಕ್ಕೆ ಈ ಪ್ರಶ್ನೆ ಹೇಗೆ ಬಂದಿತು, ಅವರು ಅದಕ್ಕೆ ಏನು ಉತ್ತರ ಕಂಡುಕೊಂಡರು ಎಂಬುದನ್ನು ಇಲ್ಲಿ ವಿಚಾರಿಸೋಣ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ನೆಯ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನು ಮುಟ್ಟಿತು. ಆ ರೈಲುದಾರಿಯೇ ಗುಬ್ಬಿ ತುಮಕೂರುಗಳನ್ನು ಹಾದು ಹೋಗತಕ್ಕುದು. ಕುಣಿಗಲ್ಲಿಗೆ ರೈಲು ಬಂದುದು 2017ರಲ್ಲಿ. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು, ಶೇಷಾದ್ರಿ ಅಯ್ಯರವರು ದಿವಾನರು, ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರು. ಪ್ರಯಾಣಿಕರನ್ನು ಪರೀಕ್ಷಿಸುವುದು, ರೋಗಿಯನ್ನು ಊರಾಚೆಯ ಷೆಡ್ಡಿಗೆ ಸಾಗಿಸುವುದು, ಮನೆಯವರನ್ನು ಬೇರೆ ಇರಿಸುವುದು, ಇವು ಅಂದಿನ ಕ್ರಮಗಳು. ಜನರು ಇದನ್ನು ಸಹಿಸಲಿಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯಾಯಿತು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯಾಯಿತು. ರೋಗದ ಭಯಕ್ಕಿಂತ, ತಾಯಿತಂದೆಯನ್ನು ಹೊತ್ತೊಯ್ದು ಕಣ್ಣಿಗೆ ಕಾಣದಂತೆ ಇಡುವರೆಂಬ ಭಯವು ಜನರಿಗೆ ದೊಡ್ಡದಾಗಿದ್ದಿತು.

ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ತರುವುದು ಚಿಗಟವೆಂದು ಫ್ರಾನ್ಸಿನ ವೈದ್ಯ ಸಿಮೋಂ ಕಂಡುಹಿಡಿದುದೂ ಅದೇ 1898ರಲ್ಲಿ. ನಮ್ಮ ಹಳ್ಳಿಗರು ಚಿಗಟದ ವಿಷಯವನ್ನು ಅರಿಯದಿದ್ದರೂ, ಇಲಿ ಬಿದ್ದ ಮನೆಯಲ್ಲಿ ಮನುಷ್ಯನೂ ಬೀಳುವನೆಂಬುದನ್ನು ಕಂಡಿದ್ದರು. ಇಲಿ ಬಿದ್ದೊಡನೆ ಮನೆಗೆ ಬೀಗ ಹಾಕಿ, ಮುದುಕರನ್ನು ಗಾಡಿಯಲ್ಲಿ ಕುಳ್ಳಿರಿಸಿಕೊಂಡು, ಹೊಲದಲ್ಲಿ ಗುಡಿಸಲು ಕಟ್ಟಿ ಸಂಸಾರಸಮೇತ ಇರುತ್ತಿದ್ದರು. ಮನೆಯನ್ನು ಬಿಡುವುದೇ ಮದ್ದು, ಮನೆಯವರನ್ನು ಬಿಡಬೇಕಾಗಿರಲಿಲ್ಲ. ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯ ಆ ಬಾಳನ್ನು ಎಸ್. ಎಲ್. ಭೈರಪ್ಪನವರು 1970ರ ‘ಗೃಹಭಂಗ’ದಲ್ಲಿ ಚಿತ್ರಿಸಿರುವರು, ಅವರು ಸ್ವತಃ ಒಡಹುಟ್ಟಿದವರನ್ನು ಪ್ಲೇಗಿಗೆ ಒಪ್ಪಿಸಿದವರು.

ಕುಣಿಗಲು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನ್ನ ದೊಡ್ಡಮ್ಮನವರು ತಮ್ಮ ಬಾಲ್ಯದ ಗುಡಿಸಲುವಾಸವನ್ನು ಹೇಳುತ್ತಿದ್ದರು. ಪಕ್ಕದೂರಿನ ನೆಂಟರು ಬಂದರೆ ಗುಡಿಸಲಿನ ಹತ್ತಿರಕ್ಕೆ ಬರುತ್ತಿರಲಿಲ್ಲವಂತೆ. ಬದುವಿನ ಕಲ್ಲಿನ ಮೇಲೆ ಬುತ್ತಿಯಿಟ್ಟು, ಹತ್ತು ಮಾರು ಹಿಂದಕ್ಕೆ ಸರಿದು ನಿಂತು, ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರಂತೆ. ಎಲ್ಲರೂ ಓಗೊಟ್ಟ ಮೇಲೆಯೇ ಅವರು ಹಿಂದಿರುಗುತ್ತಿದ್ದುದು.

ಇನ್ನು 2020ರ ಮಾತು. ಈ ವೇಳೆಗೆ ಅನೇಕ ವೃದ್ಧರು ಮಕ್ಕಳೊಡನೆ ಇರಲಿಲ್ಲ, ವೃದ್ಧಾಶ್ರಮಗಳಲ್ಲಿದ್ದರು. ತಾಯಿತಂದೆಯರ ಪೋಷಣೆಗೆ 2007ರಲ್ಲಿ ಕಾನೂನೇ ಆಗಬೇಕಾಗಿ ಬಂದುದನ್ನು ವಾಚಕರು ಬಲ್ಲರು. ಮಾರ್ಚ್ 10ರಂದು ಕಲಬುರಗಿಯಲ್ಲಿ 76 ವರ್ಷದ ವೃದ್ಧರೊಬ್ಬರು ತೀರಿಕೊಂಡುದು ಕೊರೋನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಮರಣ. ಅದೇ ತಿಂಗಳ 27ರಂದು ತುಮಕೂರಿನಲ್ಲಿ ಶಿರಾದ ಹಿರಿಯರೊಬ್ಬರು ತೀರಿಕೊಂಡರು. ಪ್ಲೇಗಿಗಾಗಿ ಬ್ರಿಟಿಷರು ಮಾಡಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ ಮತ್ತೆ ಬಳಕೆಗೆ ಬಂದಿತು. ವೃದ್ಧರು ಮನೆಯಲ್ಲಿಯೇ ಇರಬೇಕು, ಸಂದರ್ಶಕರನ್ನು ಕೂಡಬಾರದು, ಬಂಧುಗಳೊಡನೆ ದೂರವಾಣಿಯಲ್ಲಿ ಮಾತನಾಡಬೇಕು ಎಂದು ಕೇಂದ್ರ ಸರ್ಕಾರದವರು ಏಪ್ರಿಲಿನಲ್ಲಿ ಸಲಹೆಯಿತ್ತರು.

ಈ ನಿಯಮವು ನ್ಯಾಯವಾದುದೇ. ಪ್ಲೇಗನ್ನು ತರುವುದು ಚಿಗಟ. ಇಲ್ಲಿಯಾದರೋ ರೋಗವನ್ನು ತರುವವನು ತಾಯಿಯನ್ನು ನೋಡಲು ಬಂದ ಮಗನೇ ಆಗಬಹುದು. ಆದುದರಿಂದ ಬಾಗಿಲು ಮುಚ್ಚಿದವರನ್ನು ನಾನು ದೂಷಿಸಲಾರೆ. ಆದರೆ ಬಾಗಿಲು ಎಂದು ತೆರೆಯುವುದು, ಅದುವರೆಗೆ ಎಷ್ಟು ದೂರದಿಂದ ನೋಡಬಹುದು ಎಂಬುದನ್ನು ಹೇಳುವವರಿರಲಿಲ್ಲ.

ದೊಡ್ಡಮ್ಮನವರು ಆಗ ತುಮಕೂರಿನ ಒಂದು ವೃದ್ಧಾಶ್ರಮದಲ್ಲಿದ್ದರು; ನಾನು ಗುಬ್ಬಿಯಲ್ಲಿ. ನಡುವೆ ಇರುವುದು ಐದು ಹರಿದಾರಿಗಿಂತ ಕಡಮೆ. ಅವರಿಗೆ ಕಿವಿ ಮಂದ, ದೂರವಾಣಿ ನಿಷ್ಪ್ರಯೋಜಕ. ಮೊಬೈಲಿನಲ್ಲಿ ಮುಖ ತೋರಿಸೋಣವೆಂದರೆ ಕಣ್ಣಿಗೆ ಪೊರೆ. ಏಳು ತಿಂಗಳ ಬಳಿಕ ಅಲ್ಲಿಯ ಮೇಲ್ವಿಚಾರಕರು ದಯೆಯಿಂದ ಅವರನ್ನು ಜಗಲಿಗೆ ಕರೆತಂದು ಕುಳ್ಳಿರಿಸಿದರು. ನಾನು ಗೇಟಿನ ಹೊರಗೆ ನಿಂತೆನು. ಬಹಳ ಹೊತ್ತು ನೋಡಿ, “ಏನೋ ಮಗು, ಬುತ್ತಿ ತಂದೆಯೇನೋ? ಅಲ್ಲೇ ಕಲ್ಲಿನ ಮೇಲೆ ಇಟ್ಟು ಹಿಂದಕ್ಕೆ ಸರಿ” ಎಂದರು. ನಾನು ಬರಿಗೈಯಲ್ಲಿ ಹೋಗಿದ್ದೆನು. 2021ರ ಬೇಸಗೆಯಲ್ಲಿ, ಎರಡನೆಯ ಅಲೆಯ ನಡುವೆ, ಅವರು ವಯೋಧರ್ಮದಿಂದ ತೀರಿಕೊಂಡರು. ಆ ಗೇಟಿನ ಭೇಟಿಯೇ ಕಡೆಯದಾಯಿತು.

ಹೀಗಲ್ಲದೆ ಬೇರೆ ದಾರಿಯಿದ್ದಿತೇ ಎಂದು ಕೇಳಬಹುದು. ಹಾಲೆಂಡ್ ದೇಶದಲ್ಲಿ 2020ರ ಮಾರ್ಚ್ 20ರಿಂದ ವೃದ್ಧಶುಶ್ರೂಷಾಲಯಗಳಿಗೆ ಬಂಧುಗಳ ಪ್ರವೇಶವನ್ನು ನಿಲ್ಲಿಸಿದರು. ಆದರೆ ಮೇ 11ರಿಂದ 26 ಆಲಯಗಳಲ್ಲಿ, ಒಬ್ಬೊಬ್ಬ ವೃದ್ಧರಿಗೆ ಒಬ್ಬನೇ ಗೊತ್ತಾದ ಸಂದರ್ಶಕನೆಂಬ ಕಟ್ಟಿನಿಂದ, ಪರೀಕ್ಷಾರ್ಥವಾಗಿ ಬಾಗಿಲು ತೆರೆದರು. ಅದರ ಫಲವನ್ನು ನೋಡಿಕೊಂಡು ಉಳಿದ ಕಡೆಗೂ ವಿಸ್ತರಿಸಿದರು. ಮುಚ್ಚುವುದಕ್ಕೆ ಎಷ್ಟು ಆಲೋಚನೆಯೋ ತೆರೆಯುವುದಕ್ಕೂ ಅಷ್ಟು ಆಲೋಚನೆ ಅಲ್ಲಿದ್ದಿತು.

ನಮ್ಮ ಹಳ್ಳಿಗರು ಬದುವಿನ ಕಲ್ಲಿನಿಂದ ಸಾಧಿಸಿದುದೂ ಇದನ್ನೇ. ಅವರು ದೂರವನ್ನು ಗೊತ್ತುಮಾಡಿಕೊಂಡರು, ಬರುವುದನ್ನು ಬಿಡಲಿಲ್ಲ. ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ವೃದ್ಧಾಶ್ರಮಗಳನ್ನು ನಡೆಸುವ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ರೋಗವಿಲ್ಲದ ಈ ಕಾಲದಲ್ಲಿಯೇ ಬಂಧುದರ್ಶನದ ನಿಯಮವನ್ನು ಬರೆದಿಡಿರಿ. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ, ಮಂದಕಿವಿಯವರಿಗೆ ಏನು ಏರ್ಪಾಡು ಎಂಬುದು ಅದರಲ್ಲಿರಲಿ. ಗೇಟಿನ ಬಳಿ ನೆರಳಿನಲ್ಲಿ ಒಂದು ಕಲ್ಲುಬೆಂಚನ್ನೂ ಹಾಕಿಸಿರಿ.