ಗುಮಾಸ್ತನಿಂದ ಅಧಿಕಾರಿಯವರೆಗೆ: ಕಂಪನಿ ಸೆಕ್ರೆಟರಿ ನಡೆದು ಬಂದ ದಾರಿ

ಕಂಪನಿ ಕಾನೂನಿನ ಕೆಲಸಕ್ಕೆ ಎಲ್‌ಎಲ್‌ಬಿ ಬೇಕೇ ಬೇಕು ಅಂತ ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಅಂದುಕೊಂಡಿದ್ದಾರೆ. ಆ ಪದವಿ ಇಲ್ಲದವರಿಗೂ ಒಂದು ದಾರಿ ಇದೆ: ಕಂಪನಿ ಸೆಕ್ರೆಟರಿ ಹುದ್ದೆ. ಅದಕ್ಕೆ ಈಗಿನ ಬೆಲೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

1887ರಲ್ಲಿ ಲಂಡನ್ನಿನ ಟ್ರಾಮ್ ಕಂಪನಿಯೊಂದರ ಪ್ರಕರಣದಲ್ಲಿ ಕೋರ್ಟು, ಸೆಕ್ರೆಟರಿ ಬರೀ ಹೇಳಿದಷ್ಟು ಮಾಡುವ ನೌಕರ ಎಂದಿತ್ತು. 1971ರಲ್ಲಿ ಅಲ್ಲೇ ಇನ್ನೊಂದು ಪ್ರಕರಣ. ಸೆಕ್ರೆಟರಿಯೊಬ್ಬ ಕಂಪನಿ ಹೆಸರಲ್ಲಿ ಬಾಡಿಗೆ ಕಾರು ತರಿಸಿ ಸ್ವಂತಕ್ಕೆ ಬಳಸಿದ್ದ. ಸೆಕ್ರೆಟರಿ ಈಗ ಕಂಪನಿಯ ಮುಖ್ಯ ಆಡಳಿತಾಧಿಕಾರಿ, ಹಾಗಾಗಿ ಕಂಪನಿಯೇ ಬಾಡಿಗೆ ಕಟ್ಟಬೇಕು ಎಂದರು ನ್ಯಾಯಮೂರ್ತಿ ಡೆನ್ನಿಂಗ್.

ನಮ್ಮ ದೇಶದಲ್ಲಿ 1956ರ ಕಂಪನಿ ಕಾಯ್ದೆ ಬಂದ ಮೇಲೆ ಸಭೆ, ಷೇರು, ದಾಖಲೆಗಳ ನಿಯಮ ಬಲ್ಲವರು ಬೇಕಾದರು. 1968ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆ ಹುಟ್ಟಿತು. 1980ರ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. 2013ರ ಹೊಸ ಕಂಪನಿ ಕಾಯ್ದೆಯ ಪ್ರಕಾರ, ಸ್ವಂತ ಪ್ರಾಕ್ಟೀಸ್ ಇರುವ ಸೆಕ್ರೆಟರಿಗಳು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ಕಕ್ಷಿದಾರರ ಪರ ವಾದಿಸಬಹುದು. ಬೆಂಗಳೂರಿನಲ್ಲೂ ಅದರ ಪೀಠವಿದೆ.

ಹಾಗಂತ ಇವರು ವಕೀಲರಲ್ಲ. ಸಿವಿಲ್, ಕ್ರಿಮಿನಲ್ ಕೋರ್ಟುಗಳಲ್ಲಿ ವಕೀಲಿ ಮಾಡಲು ಕಾನೂನು ಪದವಿ, ವಕೀಲರ ಪರಿಷತ್ತಿನ ನೋಂದಣಿ ಎರಡೂ ಬೇಕು. ಸೆಕ್ರೆಟರಿ ಪರೀಕ್ಷೆಗಳೂ ಸುಲಭವಲ್ಲ, ಮೇಲೆ ತರಬೇತಿಯೂ ಇದೆ. ಆದರೆ ಪಿಯುಸಿ ಪಾಸಾದವರು ಪ್ರವೇಶ ಪರೀಕ್ಷೆ ಬರೆದು ಶುರು ಮಾಡಬಹುದು. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈ ವಿಷಯ ಅವರ ಕಿವಿಗೂ ಹಾಕಿ.