ಕಾವೇರಿಯ ಮಹಶೀರ್ ಗಾಳ ಕ್ರೀಡೆ

ಕಾವೇರಿಯ ಮಹಶೀರ್ ಗಾಳ ಕ್ರೀಡೆಯು ಮಹಶೀರ್ ಮೀನನ್ನು ಸ್ಥಳೀಯ ಮಾರ್ಗದರ್ಶಕರ ನೆರವಿನಿಂದ ಗಾಳ ಹಾಕಿ ಹಿಡಿದು, ತೂಕವನ್ನು ದಾಖಲಿಸಿ, ಜೀವಂತವಾಗಿ ನದಿಗೆ ಬಿಡುವ ಹವ್ಯಾಸವಾಗಿತ್ತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಭೀಮೇಶ್ವರಿ, ಗಾಲಿಬೋರೆ ಮತ್ತು ದೊಡ್ಡಮಾಕಳಿಗಳಲ್ಲಿ ಇದಕ್ಕಾಗಿ ಶಿಬಿರಗಳನ್ನು ನಡೆಸುತ್ತಿತ್ತು.

ವಿಧಾನ

ಮಾರ್ಗದರ್ಶಕರು ಹವ್ಯಾಸಿಗಳನ್ನು ಹರಿಗೋಲಿನಲ್ಲಿ ಮಡುಗಳ ಬಳಿಗೆ ಕರೆದೊಯ್ಯುತ್ತಿದ್ದರು. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸುವುದು ರೂಢಿಯಾಗಿತ್ತು.

ದಾಖಲೆ

ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ (ಸುಮಾರು 54 ಕಿಲೋಗ್ರಾಂ) ತೂಗಿತ್ತು.

ನಿಷೇಧ ಮತ್ತು ಸಂರಕ್ಷಣೆ

ಈ ಶಿಬಿರಗಳಿದ್ದ ನದೀಭಾಗವು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಾಳ ಹಾಕುವುದೂ ಬೇಟೆಯೆಂದು ಪರಿಗಣಿತವಾದುದರಿಂದ 2010ರ ದಶಕದ ಆರಂಭದಲ್ಲಿ ಈ ಕ್ರೀಡೆ ನಿಂತಿತು. ಇದರಿಂದ ಸಿಡಿಮದ್ದು ಬಳಸುವ ಮೀನುಗಳ್ಳರ ಮೇಲಿನ ಕಾವಲು ಸಡಿಲವಾಯಿತೆಂಬುದು ಹವ್ಯಾಸಿಗಳ ವಾದ. ಗಾಲಿಬೋರೆಯ 1998–2012ರ ಹಿಡಿತದ ದಾಖಲೆಗಳನ್ನು ಅಧ್ಯಯನ ಮಾಡಿದಾಗ, ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದ್ದು ತಿಳಿದುಬಂದಿತು. 2018ರಲ್ಲಿ ಗೂನುಬೆನ್ನಿನ ಮಹಶೀರನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸಲಾಯಿತು. ಅದು ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.